ನಿಂಬೆಹಣ್ಣಿಗೆ ನಿಂತ ಗಾಡಿ

ಈಗಲೂ ನಿಂಬೆಹಣ್ಣು ಹೆಚ್ಚುವಾಗ ನನಗೆ ಊಟದ ನೆನಪಾಗುವುದಿಲ್ಲ. ನಮ್ಮೂರ ಶಾಲೆಯ ನುಣುಪು ನೆಲದ ಮೇಲೆ ಎರಡು ನಿಂಬೆಹಣ್ಣುಗಳಿಗೆ ಸೋತು ನಿಂತ ಒಂದು ಪುಟ್ಟ ಗಾಡಿ ಕಣ್ಣ ಮುಂದೆ ಬರುತ್ತದೆ.

ಅದು ರೋಬೋಟ್. ತೆಂಗಿನಕಾಯಿಗಿಂತ ತುಸು ದೊಡ್ಡದು. ನಾನು ಕಾಲೇಜಿನ ಗಣಿತದ ಪಾಠದಿಂದ ನಿವೃತ್ತಳಾಗಿ ಮನೆಯಲ್ಲಿದ್ದೆ. ಏಳನೆಯ ತರಗತಿಯ ಮಕ್ಕಳಿಗೆ ಅದನ್ನು ನಡೆಸುವ ಪ್ರೋಗ್ರಾಂ ಕಲಿಸಿರೆಂದು ಮುಖ್ಯೋಪಾಧ್ಯಾಯ ಬಸವಂತಪ್ಪನವರು ಕರೆದಿದ್ದರು. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ, ನಿಲ್ಲು: ಕಂಪ್ಯೂಟರಿನಲ್ಲಿ ಈ ಆಜ್ಞೆಗಳನ್ನು ಒಂದರ ಕೆಳಗೊಂದು ಜೋಡಿಸಬೇಕು, ಅಷ್ಟೆ. ಅದು ಗೋಡೆಗೆ ಗುದ್ದಿದರೆ ಮಕ್ಕಳು ಅದನ್ನೇ ಬೈದು, ಆಮೇಲೆ ಮೈಸವರಿ ಸಮಾಧಾನ ಮಾಡುತ್ತಿದ್ದರು. ಶಂಕ್ರವ್ವ ಎಂಬ ಹುಡುಗಿ ಮಾತ್ರ ಬೈಯುತ್ತಿರಲಿಲ್ಲ. ತಾನೇ ರೋಬೋಟಿನಂತೆ ನಡೆದು ತಪ್ಪು ಹುಡುಕುತ್ತಿದ್ದಳು.

ರೋಬೋಟ್ ನಮ್ಮದಾಗಿರಲಿಲ್ಲ. ಅದನ್ನು ಎರವಲು ಕೊಟ್ಟ ಟ್ರಸ್ಟಿನ ವಿಮಲಾಬಾಯಿಯವರು ಒಂದು ದಿನ ಪರೀಕ್ಷೆಗೆ ಬಂದರು. ಮಕ್ಕಳು ಬರೆದ ಪ್ರೋಗ್ರಾಮಿನಂತೆ ಅದು ಮೇಜಿನ ಪಕ್ಕದಿಂದ ಹೊರಟು ಅವರ ಕುರ್ಚಿಗೆ ಬೆನ್ನ ಮೇಲಿಟ್ಟ ಗುಲಾಬಿ ಒಯ್ದು ಮುಟ್ಟಿಸಿದರೆ ನಮ್ಮಲ್ಲೇ ಉಳಿಯುತ್ತದೆ, ಇಲ್ಲವಾದರೆ ಬೇರೆ ಶಾಲೆಗೆ. ಗಾಡಿಯನ್ನಾಗಲಿ, ಅದರ ದಾರಿಯಲ್ಲಿರುವುದನ್ನಾಗಲಿ ಯಾರೂ ಕೈಯಿಂದ ಮುಟ್ಟುವಂತಿಲ್ಲ.

ಆ ದಿನ ನಾನು ಬರುವಷ್ಟರಲ್ಲಿ ಬಸವಂತಪ್ಪನವರು ಅದಕ್ಕೆ ಪೂಜೆ ಮುಗಿಸಿದ್ದರು. ವಿಭೂತಿ, ಕುಂಕುಮ, ಸೇವಂತಿಗೆ. ಹೊಸ ಲಾರಿಗೆ ಇಡುವಂತೆ ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣು. ಅವು ಉರುಳದಂತೆ ಅರಿಸಿನದ ಮುದ್ದೆಯ ಆಸರೆ ಬೇರೆ.

ಶಂಕ್ರವ್ವ ಗುಂಡಿ ಒತ್ತಿದಳು. ಲಾರಿ ಜಜ್ಜುವ ಹಣ್ಣು ಇದಕ್ಕೆ ಬೆಟ್ಟವಾಯಿತು. ಚಕ್ರಗಳು ಇದ್ದಲ್ಲೇ ಗರಗರ ತಿರುಗಿ ಬಸವಂತಪ್ಪನವರ ಬಿಳಿ ಧೋತರಕ್ಕೆ ಕುಂಕುಮ ಸಿಡಿಸಿದವು. ವಿಮಲಾಬಾಯಿಯವರು ಗುಲಾಬಿಗೆಂದು ಚಾಚಿದ ಕೈಯನ್ನು, ನಮಗೆ ನಾಚಿಕೆಯಾಗದಿರಲೆಂದು, ಸೆರಗು ಸರಿಪಡಿಸುವಂತೆ ಮಾಡಿ ಹಿಂದೆಗೆದುಕೊಂಡರು.

ಶಂಕ್ರವ್ವ ‘ಹಿಂದೆ’ ಎಂಬ ಆಜ್ಞೆ ಸೇರಿಸಲು ಕೂತಳು. ಬಸವಂತಪ್ಪನವರು ಅಡ್ಡ ಬಂದರು.

“ಬ್ಯಾಡವ್ವಾ. ಪೂಜಿ ಮಾಡಿದ ಗಾಡಿ ಮೊದಲಿಗೇ ಹಿಂದಕ್ಕ ಸರೀಬಾರದು.”

“ಹಂಗಾರ ಇದು ಬ್ಯಾರೆ ಸಾಲಿಗೆ ಹೋಗತೈತ್ರಿ, ಸರ್.”

ಅವರ ಮುಖ ಬಾಡಿತು. ಆದರೂ ಬೇಡವೆಂದೇ ತಲೆ ಅಲ್ಲಾಡಿಸಿಬಿಟ್ಟರು. ಹುಡುಗಿ ಎದ್ದು ರೋಬೋಟಿನ ಪಕ್ಕ ನಿಂತಳು, ನಿಂತಲ್ಲೇ ಬೆನ್ನ ಕಡೆಗೆ ತಿರುಗಿದಳು, ಮೇಜನ್ನು ಒಂದು ಸುತ್ತು ಬಳಸಿ ನಡೆದು ಬಂದಳು.

“ಹಿಂದ ಸರಿಸೂದು ಬ್ಯಾಡ್ರಿ ಸರ್. ಮಾರಿ ತಿರುಗಿಸೋಣು. ಆಮ್ಯಾಲೆ ಅದು ಹೋಗೂದೆಲ್ಲ ಮುಂದಕ್ಕ ಅಲ್ಲೇನ್ರಿ?”

ಬಸವಂತಪ್ಪನವರು ಶಾಸ್ತ್ರದಲ್ಲಿ ಇದಕ್ಕೆ ಅಡ್ಡಿಯೇನಾದರೂ ಇದೆಯೇ ಎಂದು ಬಹಳ ಹೊತ್ತು ಯೋಚಿಸಿದರು. ಇರಲಿಲ್ಲ.

ಶಂಕ್ರವ್ವ ಆಜ್ಞೆಗಳನ್ನು ಹೊಸದಾಗಿ ಜೋಡಿಸಿ ಗುಂಡಿ ಒತ್ತಿದಳು. ರೋಬೋಟ್ ವಿಮಲಾಬಾಯಿಯವರಿಗೆ ಬೆನ್ನು ತೋರಿಸಿ ಹೊರಟಿತು. ಮೇಜಿಗೆ ಪ್ರದಕ್ಷಿಣೆ ಹಾಕಿ, ಸೇವಂತಿಗೆ ಎಸಳು ಉದುರಿಸುತ್ತ, ಕುರ್ಚಿಯ ಮುಂದೆ ಬಂದು ನಿಂತಿತು. ಅವರು ಗುಲಾಬಿ ಎತ್ತಿಕೊಂಡು ಮುಡಿಗಿಟ್ಟರು.

“ಇಷ್ಟು ಸುತ್ತು ಹಾಕಿ ಬಂದೈತಿ, ದಣಿದೈತಿ,” ಎಂದರು. “ಇನ್ನ ಎಲ್ಲಿಗೂ ಕಳಸೂದು ಬ್ಯಾಡ್ರಿ.”

ಎಲ್ಲರೂ ಹೋದ ಮೇಲೆ ಮರೆತ ಕನ್ನಡಕಕ್ಕೆಂದು ನಾನು ಹಿಂದಿರುಗಿದೆ. ಬಸವಂತಪ್ಪನವರು ಒಬ್ಬರೇ ಇದ್ದರು. ರೋಬೋಟಿನ ಮುಂದೆ ನಿಂಬೆಹಣ್ಣುಗಳನ್ನು ಮತ್ತೆ ಇಟ್ಟು, ಚಪ್ಪಲಿ ಕಳಚಿ, ಧೋತರ ಎತ್ತಿ ಹಿಡಿದು, ಹಿಮ್ಮಡಿಯಿಂದ ಒಂದೊಂದನ್ನೇ ಜಜ್ಜುತ್ತಿದ್ದರು. ನನ್ನನ್ನು ಕಂಡು ಸಂಕೋಚದಿಂದ ನಕ್ಕರು.

“ಪಾಪ, ಅದಕ್ಕ ನೀಗಲಿಲ್ಲ ನೋಡ್ರಿ.”

ಆಮೇಲೆ ದೀಪ ಆರಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಹೊರಟರು. ಅವರ ಬರಿಗಾಲಿನ ಒದ್ದೆ ಗುರುತುಗಳು ಬಾಗಿಲವರೆಗೂ ನಿಂಬೆಯ ಪರಿಮಳ ಬೀರುತ್ತಿದ್ದವು.