ಸದ್ದು ಬದಲಾದ ಜಾಗ

ಟಣ್, ಇಲ್ಲೂ ಗಟ್ಟಿ, ಎಂಜಿನ್ ಬ್ಲಾಕಿನ ಪಕ್ಕೆಯಲ್ಲಿ ತುಕ್ಕು ಹಿಡಿದು ಕೂತ ಪ್ಲಗ್ಗು, ನೀರಿನ ತೂತು ಮುಚ್ಚಿದ ತಗಡಿನ ಬಿಲ್ಲೆ, ಬೆಳಗಿನಿಂದ ಜಪ್ಪಯ್ಯ ಅಂದರೂ ಅಲುಗಲೊಲ್ಲದು, ಇದು ಬಂದರೆ ತಾನೆ ಆ ತೂತಿಗೆ ಎಂಜಿನ್ ಬೆಚ್ಚಗಿಡುವ ಹೀಟರ್ ಕೂರಿಸುವುದು, ಕ್ಯಾಸಂಬಳ್ಳಿಯ ಚಳಿಗೆ ಡೈರಿಯ ಜನರೇಟರ್ ಮುಂಜಾನೆ ಏಳುವುದೇ ಇಲ್ಲ, ಮೊನ್ನೆ ಕರೆಂಟು ಹೋಗಿ ಹಾಲೆಲ್ಲ ಚರಂಡಿಯ ಪಾಲು — ಏನ್ಲಾ ಆರುಮುಗಂ, ಬಿಚ್ತಿದ್ದೀಯೋ ಅದ್ರ ಜತೆ ಮಾತಾಡ್ತಿದ್ದೀಯೋ, ಶೆಡ್ಡಿನ ಬಾಗಿಲಲ್ಲಿ ಡೈರಿಯ ವರಲಕ್ಷ್ಮಮ್ಮ, ಬಲವಾಗಿ ಒಂದೇಟು ಆಕ್ಲಾ — ಆಕಿದ್ರೆ ಬ್ಲಾಕೇ ಸೀಳ್ತದಕ್ಕಾ, ತಟ್ಟಿ ಕೇಳ್ಬೇಕು — ನಿಮ್ಮಪ್ಪನೂ ಇಂಗೇ ಕಣ್ಲಾ, ನಮ್ಮನೇಗ್ ಬಂದ್ರೂ ಗೋಡೆ ತಟ್ಟಿ ನೋಡೇ ಕೂರೋನು, ಎಂಗವ್ನೆ ಸೆಲ್ವರಾಜಣ್ಣ — ಚೆನ್ನಾಗವ್ರೆ ಅಕ್ಕಾ, ಅಂದುಬಿಟ್ಟಿತು ಬಾಯಿ, ಎಷ್ಟು ಸಲೀಸು. ಟಣ್. ಚಾಂಪಿಯನ್ ರೀಫ್ಸಿನ ಆ ಒಂದೇ ಕೋಣೆಯ ಮನೆ, ಚಿನ್ನದ ಗಣಿಯಿಂದ ಮೇಲೆ ಬಂದ ಅಪ್ಪ, ರೆಪ್ಪೆಯಲ್ಲಿನ್ನೂ ಕಲ್ಲಿನ ಧೂಳು, ಮಗನ ಎಳೆಯ ಮುಷ್ಟಿ ಹಿಡಿದು ಗೋಡೆಗೆ ಬಡಿಸುತ್ತಾನೆ, ತಟ್ಟು ಡಾ, ಕೇಳು, ಬಂಡೆ ಸುಳ್ಳು ಹೇಳಲ್ಲ, ಸದ್ದು ಬದಲಾದ ಕಡೆ ಮಾತ್ರ ನಿಲ್ಲಬೇಡ, ಅಲ್ಲಿ ಬಂಡೆ ಸಡಿಲ, ಮೇಲೆ ಬೀಳ್ತದೆ — ನಿನ್ನೆ ಬಂಗಾರಪೇಟೆಯ ಡಾಕ್ಟರು ಅಪ್ಪನ ಬರಿ ಬೆನ್ನ ಮೇಲೆ ಒಂದು ಬೆರಳಿಟ್ಟು ಇನ್ನೊಂದರಿಂದ ತಟ್ಟುತ್ತ ಇಳಿದರು, ಮೇಲಿನಿಂದ ಕೆಳಕ್ಕೆ, ಒಂದೇ ಸದ್ದು, ಒಂದೇ ಸದ್ದು, ಹೆಗಲ ಮೂಳೆಯ ಕೆಳಗೆ ಬೇರೆ, ಬೆರಳು ನಿಂತವು, ಹಿಂದಕ್ಕೆ ಬಂದು ಮತ್ತೆ ತಟ್ಟಿದವು, ಅಪ್ಪ ತಿರುಗಿ ನೋಡಲಿಲ್ಲ, ಸ್ಕ್ಯಾನ್ ಮಾಡಿಸಿ ಅಂದರು ಡಾಕ್ಟರು, ಬಸ್ಸಿನಲ್ಲಿ ಅಪ್ಪ ಮೆಲ್ಲಗೆ, ನಿಂಗೂ ಕೇಳಿಸ್ತಲ್ಲಾ ಡಾ? ಕಿಟಕಿ ಮುಚ್ಚಪ್ಪಾ, ಚಳಿ, ಅಂದ ಆರುಮುಗಂ, ಕಿಟಕಿ ಮುಚ್ಚಿಯೇ ಇತ್ತು. ಅಪ್ಪ ಮತ್ತೆ ಕೇಳಲಿಲ್ಲ. ಟಣ್, ಟಣ್, ಟಪ್ — ಪ್ಲಗ್ಗಿನ ಕೆಳ ಅಂಚು, ಕೈ ತಾನಾಗಿ ಹಿಂದೆ ಸರಿಯಿತು, ಅಪ್ಪ ಕಲಿಸಿದ ಕೈ — ಇಲ್ಲ, ಸಡಿಲವಾಗಿರುವುದೇ ಇಲ್ಲಿ, ಇಲ್ಲೇ ನಿಲ್ಲಬೇಕು, ಉಳಿ ಅಂಚಿಗಿಟ್ಟು ಸುತ್ತಿಗೆಯಿಂದ ಮೆತ್ತಗೆ, ಇನ್ನೂ ಮೆತ್ತಗೆ, ಪ್ಲಗ್ಗು ನಿದ್ದೆಯಲ್ಲಿ ಮಗ್ಗುಲಾದಂತೆ ಅಡ್ಡ ತಿರುಗುತ್ತದೆ, ಒಳಗುಳಿದಿದ್ದ ಕೆಂಪು ನೀರು ಮಣಿಕಟ್ಟಿನ ಮೇಲೆ, ಬ್ಲಾಕು ಸೀಳಿಲ್ಲ, ಬಂತ್ ಬಿಡ್ಲಾ, ಬಂತು, ವರಲಕ್ಷ್ಮಮ್ಮನ ನಗು ಎಲ್ಲೋ ದೂರದಲ್ಲಿ, ಇವತ್ತು ಅಪ್ಪ ಕೇಳದಿದ್ದರೂ ಹೇಳಬೇಕು, ಹೂಂ ಅಪ್ಪಾ, ಕೇಳಿಸ್ತು, ನಂಗೂ ಕೇಳಿಸ್ತು, ಆಮೇಲೆ — ಆಮೇಲೆ ಏನು, ಆ ಬರಿ ಬೆನ್ನು, ಹೆಗಲ ಮೂಳೆಯ ಕೆಳಗೆ, ತಟ್ಟದೆ ನಿಂತ ಡಾಕ್ಟರ ಎರಡು ಬೆರಳು.