ನವಿಲುರಾಣಿಯ ಕಣ್ಣು

"ಹಾಯ್ ಫ್ರೆಂಡ್ಸ್, ಬೀರೂರಿಂದ ನಿಮ್ಮ ಪ್ರಜ್ಞಾ!"

ಫೋನಿನ ಮುಂದೆ ನಿಂತು ಪ್ರಜ್ಞಾ ಹೀಗಂದ ಕೂಡಲೇ, ಅಡುಗೆಮನೆ ಬಾಗಿಲಲ್ಲಿದ್ದ ತನುಜಾಳ ಹೊಟ್ಟೆಯೊಳಗೆ ಒಲೆ ಹತ್ತಿಕೊಂಡಿತು. ಎರಡು ವರ್ಷದಿಂದ ದಿನಕ್ಕೊಂದು ಸಲ ಹತ್ತಿಕೊಳ್ಳುವ ಒಲೆಯೇ. ನಿಮ್ಮ ಪ್ರಜ್ಞಾ ಅಂತೆ! ಹಳೇ ಪೇಪರು ನೆನೆಹಾಕಿ, ಮೈದಾ ಅಂಟು ಕಾಸಿ, ಪದರದ ಮೇಲೆ ಪದರ ಮೆತ್ತಿ ಮುಖವಾಡ ಮಾಡುವವಳು ತನುಜಾ. ಅದನ್ನು ಕೆನ್ನೆಗೆ ಆನಿಸಿಕೊಂಡು ನಗುವವಳು ಈ ಓರಗಿತ್ತಿ. ಗೋವಾ ಕಾರ್ನಿವಲ್‌ಗೆ ಹೋಗುವವರು, ಕೆಮ್ಮಣ್ಣುಗುಂಡಿ ನೋಡಲು ಬರುವವರು ಆನ್‌ಲೈನಿನಲ್ಲಿ ಕೊಂಡು, "ಪ್ರಜ್ಞಾ, ನಿಮ್ಮ ಕೈಗೆ ಮುತ್ತು" ಎಂದು ಬರೆಯುತ್ತಿದ್ದರು. ಆ ಕೈಗೆ ಒಂದು ದಿನವಾದರೂ ಅಂಟು ಮೆತ್ತಿದ್ದುಂಟೇ?

ಹಾಗಂತ ಪ್ರಜ್ಞಾ ಸುಮ್ಮನೆ ಕೂರುವವಳಲ್ಲ. ಆರ್ಡರ್ ಹಿಡಿಯುವುದು, ಫೋಟೋ ತೆಗೆಯುವುದು, ಪಾರ್ಸೆಲ್ ಕಟ್ಟುವುದು, ತಡವಾಯಿತೆಂದು ರೇಗುವವರನ್ನು ಸಮಾಧಾನ ಮಾಡುವುದು ಎಲ್ಲ ಅವಳದೇ. ಆದರೆ ಹೊಟ್ಟೆಕಿಚ್ಚಿಗೆ ಅಷ್ಟೆಲ್ಲ ಲೆಕ್ಕ ಹಾಕುವ ವ್ಯವಧಾನ ಎಲ್ಲಿರುತ್ತದೆ?

ಇವತ್ತು ಒಲೆ ಇನ್ನೂ ಜೋರಾಗಿತ್ತು. ಪ್ರತಿ ವರ್ಷ ಕಾರ್ನಿವಲ್‌ಗೆ ಹೋಗುವ ಹುಬ್ಬಳ್ಳಿಯ ಹೆಂಗಸೊಬ್ಬರು, ಮಾಡಿದ ಕಲಾವಿದೆಯನ್ನೇ ನೋಡಿ ಮುಖವಾಡ ಒಯ್ಯಬೇಕೆಂದು ರೈಲಿಳಿದು ಮನೆಗೇ ಬಂದಿದ್ದರು. ಬಂದವರು ನೆಟ್ಟಗೆ ಹೋಗಿ ಪ್ರಜ್ಞಾಳನ್ನು ತಬ್ಬಿಕೊಂಡರು. ಕಾಫಿ ತಂದಿಟ್ಟ ತನುಜಾಳಿಗೆ "ಸಕ್ರಿ ಸ್ವಲ್ಪ ಕಮ್ಮಿ ಇರಬೇಕಿತ್ರೀ" ಎಂದರು.

ತನುಜಾ ಖಾಲಿ ತಟ್ಟೆ ಹಿಡಿದು ಬಾಗಿಲಿಗೆ ಮರಳಿದಳು. ಅವಳು ಮಾಡಬೇಕಾದ್ದನ್ನು ನಿನ್ನೆಯೇ ಮಾಡಿದ್ದಳು. ಅಂದರೆ, ಮಾಡದೆ ಬಿಟ್ಟಿದ್ದಳು.

ಮುಖವಾಡದ ಕಣ್ಣನ್ನು ಕೊನೆಗೆ ಬಿಡಿಸುವುದು ಆ ಮನೆಯ ಪದ್ಧತಿ. ತೀರಿಹೋದ ಮಾವ ಓಬಳಪ್ಪ ಹಾಕಿಕೊಟ್ಟದ್ದು. ಬಣ್ಣವೆಲ್ಲ ಒಣಗಿದ ಮೇಲೆ, ಮಾಡಿದವರೇ ಕಣ್ಣಿನ ಪಾಪೆಯ ಜಾಗದಲ್ಲಿ ತೂತು ಕೊರೆಯಬೇಕು. ಕೊರೆದವರೇ ಮೊದಲು ಹಾಕಿಕೊಂಡು ನೋಡಬೇಕು. ಪಾರ್ಸೆಲ್ಲಿಗೆ ಹೋಗುವುದಕ್ಕೆಲ್ಲ ತನುಜಾ ಮುಂಚೆಯೇ ಕೊರೆದಿಡುತ್ತಿದ್ದಳು. ಹುಬ್ಬಳ್ಳಿಯವರು ಬಂದು ಒಯ್ಯಲಿದ್ದ ಈ ನವಿಲುರಾಣಿ ಮುಖವಾಡಕ್ಕೆ ಮಾತ್ರ ಕೊರೆಯಲಿಲ್ಲ. ಪಾಪೆಗೆ ಕರಿ ಬಣ್ಣ ತುಂಬಿ ಸುಮ್ಮನಾದಳು. ದೂರದಿಂದ ಅದು ತೂತಿನ ಹಾಗೇ ಕಾಣುತ್ತಿತ್ತು. ಎಲ್ಲರೆದುರು ಕೊರೆಯಲಿ ನೋಡೋಣ, ಕಲಾವಿದೆ!

ಹುಬ್ಬಳ್ಳಿಯವರು ಮುಖವಾಡ ಹಾಕಿಕೊಂಡರು. ಮರುಗಳಿಗೆಯೇ ಕೈ ಚಾಚಿ ಗೋಡೆ ತಡವಿದರು.

"ಏನೂ ಕಾಣವಲ್ದಲ್ರೀ! ಕಣ್ಣಽ ಇಲ್ಲ ಇದಕ್ಕ!"

ಪ್ರಜ್ಞಾ ಅದನ್ನು ತಿರುಗಿಸಿ ನೋಡಿ ಬೆಪ್ಪಾದಳು. ಫೋನು ಎಲ್ಲವನ್ನೂ ಲೈವ್ ಆಗಿ ತೋರಿಸುತ್ತಲೇ ಇತ್ತು. ಮೂಲೆಯ ಮಂಚದ ಮೇಲೆ ಕೂತಿದ್ದ ಅತ್ತೆ ದುರ್ಗಮ್ಮ ಮುಖವಾಡವನ್ನು ನೋಡಲಿಲ್ಲ, ಹಿರಿಸೊಸೆಯನ್ನು ನೋಡಿದರು.

"ಒಂದ್ನಿಮ್ಷ ಕಣ್ರೀ, ಈಗ ಬಿಡಿಸ್ಕೊಡ್ತೀನಿ. ಪಾರ್ಸೆಲ್ ನೋಡ್ಕೊಳೋಳು ನಾನು, ನಂದೇ ತಪ್ಪು" ಎಂದು ಪ್ರಜ್ಞಾ ಚಾಕು ತೆಗೆದುಕೊಂಡಳು. ಹೊರಗಿನಿಂದ ಒತ್ತಿದಳು. ಒಳಗಿನಿಂದ, ಅಂಗೈಯಲ್ಲಿ ಆನಿಸಿಕೊಂಡು ಕೊರೆಯಬೇಕೆಂದು ಅವಳಿಗೇನು ಗೊತ್ತು? ತನುಜಾಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಗಿಲಿಗೆ ಒರಗಿ ನಿಂತಿದ್ದಳು, ಖುಷಿಯಿಂದಲೇ ನಿಂತಿದ್ದಳು. ಚಾಕು ಜಾರಿತು. ಪ್ರಜ್ಞಾ ಬೆರಳನ್ನು ಫಕ್ಕನೆ ದುಪಟ್ಟಾದೊಳಗೆ ಸುತ್ತಿಕೊಂಡಳು. ಬಟ್ಟೆಯ ಮೇಲೆ ಹುಣಿಸೆಬೀಜದಷ್ಟು ಕೆಂಪು ಮೂಡಿತು.

"ಅಕ್ಕಾ, ನನ್ ಕೈಲಾಗಲ್ಲ. ನೀನೇ ಬಾ."

ತನುಜಾ ಬಂದಳು. ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ಚಾಕುವಿನ ನಾಲ್ಕು ಸುತ್ತಿನಲ್ಲಿ ಎರಡು ಕರಿ ಬಿಲ್ಲೆ ನೆಲಕ್ಕೆ ಬಿದ್ದವು. ಪದ್ಧತಿಯಂತೆ ಮುಖವಾಡವನ್ನು ತಾನೇ ಮೊದಲು ಹಾಕಿಕೊಂಡು, ಹಿಂದೆ ದಾರ ಕಟ್ಟಿದಳು. ಪ್ರಜ್ಞಾ ಫೋನನ್ನು ಕೈಗೆತ್ತಿಕೊಂಡು ಅವಳತ್ತ ತಿರುಗಿಸಿದಳು.

"ನೋಡಿ ಫ್ರೆಂಡ್ಸ್, ಇವ್ರೇ ನಮ್ಮ ತನುಜಕ್ಕ. ಎಲ್ಲಾ ಮಾಡೋರು ಇವ್ರೇ. ನಾನು ಬರೀ ಮಾತಾಡೋಳು. ಎಷ್ಟು ಸಲ ಕರೆದ್ರೂ ಕ್ಯಾಮೆರಾ ಮುಂದೆ ಬರಲ್ಲ ಅಂತಿದ್ರು."

ಕರೆದದ್ದು ನಿಜ. ಕರೆದಾಗಲೆಲ್ಲ, ಇನ್ನೊಂದು ಸಲ ಕರೆಯಲಿ ಎಂದು ತನುಜಾ ಬಿಗುಮಾನ ಮಾಡಿದ್ದೂ ನಿಜ. ಹುಬ್ಬಳ್ಳಿಯವರು "ಅಯ್ಯ, ಇವರನ್ರೀ!" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು. ಫೋನಿನ ಮೇಲೆ ಕೆಂಪು ಹೃದಯಗಳು ಒಂದರ ಹಿಂದೊಂದು ಏರತೊಡಗಿದವು.

"ಅಕ್ಕಾ, ಸಾಕು ತೆಗಿ. ಮುಖ ತೋರ್ಸು."

ತನುಜಾಳ ಕೈ ದಾರದ ಗಂಟಿನವರೆಗೆ ಹೋಯಿತು. ಆಗ, ತಾನೇ ಕೊರೆದ ಆ ಎರಡು ತೂತುಗಳಲ್ಲಿ, ಫೋನು ಹಿಡಿದಿದ್ದ ಕೈಗೆ ಸುತ್ತಿದ್ದ ದುಪಟ್ಟಾ ಕಂಡಿತು. ಅದರ ಮೇಲೆ ಹುಣಿಸೆಬೀಜದಷ್ಟಿದ್ದ ಕೆಂಪು ಈಗ ಅಂಗೈಯಗಲ ಆಗಿತ್ತು. ಅವಳ ಕಣ್ಣು ತುಂಬಿಬಂತು. ಕೈ ಗಂಟಿನ ಮೇಲೇ ನಿಂತುಬಿಟ್ಟಿತು.

"ನಾಚ್ಕೊಂಡವ್ರೆ" ಎಂದು ಪ್ರಜ್ಞಾ ಫೋನಿಗೆ ಹೇಳಿ ನಕ್ಕಳು. "ತೆಗಿಯಕ್ಕಾ!"

"ಬಲವಂತ ಮಾಡ್ಬೇಡ ಕಣೇ" ಎಂದರು ಮಂಚದ ಮೇಲಿಂದ ದುರ್ಗಮ್ಮ. "ಇನ್ನೊಂದ್ಗಳಿಗೆ ಹಾಕ್ಕೊಂಡೇ ಇರ್ಲಿ."

ನವಿಲುರಾಣಿ ಫೋನಿನ ಕಡೆ ನಗುತ್ತ ನಿಂತಿದ್ದಳು. ಗಲ್ಲದ ಕೆಳಗಿಂದ ನೀಲಿ ಬಣ್ಣದ ಒಂದು ಹನಿ ಕುತ್ತಿಗೆಗೆ ಇಳಿಯಿತು.