ಏರಿಸಿ ಹೇಳಿದ ವರಮಾನ

೧೮೬೫ರ ಜುಲೈ ೧೪, ಶುಕ್ರವಾರ. ಓಹಾಯೋದ ನಮ್ಮ ಊರಿನ ಪತ್ರಿಕೆಯ ಮೂರನೆಯ ಪುಟದಲ್ಲಿ ನೂರ ಹದಿನೇಳು ಹೆಸರುಗಳು ಅಚ್ಚಾದವು. ಹಿಂದಿನ ವರ್ಷ ಆರುನೂರು ಡಾಲರಿಗಿಂತ ಹೆಚ್ಚು ಗಳಿಸಿದವರ ಹೆಸರು, ಎದುರಿಗೆ ಅವರವರ ವರಮಾನ. ಅಂತರ್ಯುದ್ಧದ ಖರ್ಚಿಗೆಂದು ಸರ್ಕಾರ ಹಾಕಿದ್ದ ತೆರಿಗೆ ಅದು. ಪ್ರತಿಯೊಬ್ಬನಿಂದ ಪ್ರಮಾಣ ಮಾಡಿಸಿ ಲೆಕ್ಕ ಬರೆದುಕೊಂಡ ಅಧಿಕಾರಿ ನಾನು. ಆ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದಿತ್ತು. ನೆರೆಯವನ ಕಣ್ಣಿಗೆ ಅಂಜಿ ಜನ ಸುಳ್ಳು ಹೇಳಲಾರರು ಎಂಬುದು ಶಾಸನ ಮಾಡಿದವರ ನಂಬಿಕೆ. ಕಡಿಮೆ ಹೇಳುವ ಸುಳ್ಳೊಂದನ್ನೇ ಅವರು ಬಲ್ಲವರಾಗಿದ್ದರು.

ಪಟ್ಟಿಯ ಮೊದಲ ಹೆಸರು ಕಂಬಳಿ ಗಿರಣಿಯ ಒಡೆಯ ಎಲ್ಕಾನಾ ಪ್ರಿಂಡಲ್‌ನದು: ಹನ್ನೊಂದು ಸಾವಿರದ ನಾನೂರು ಡಾಲರ್. ಅದರ ಮೇಲಿನ ತೆರಿಗೆ ಎಂಟುನೂರ ಅರವತ್ತನ್ನು ಅವನು ಜೂನ್ ತಿಂಗಳಲ್ಲೇ, ನಾಲ್ಕು ಜನರೆದುರು, ನಗದಾಗಿ ಕಟ್ಟಿದ್ದ.

ಸೋಮವಾರ ಬೆಳಿಗ್ಗೆ ಅವನ ಗಿರಣಿಯ ನೇಕಾರಳಾದ ವಿಧವೆ ಥರ್ಜಾ ಲೂಮಿಸ್ ಪತ್ರಿಕೆಯೊಂದಿಗೆ ನನ್ನ ಕಚೇರಿಗೆ ಬಂದಳು.

"ಸ್ವಾಮಿ, ಇದು ಅಚ್ಚಿನ ತಪ್ಪಾ? ಒಂದು ಸೊನ್ನೆ ಜಾಸ್ತಿ ಬಿದ್ದಿರ್ಬೇಕು."

"ತಪ್ಪಿಲ್ಲ. ಅವರೇ ಪ್ರಮಾಣ ಮಾಡಿ ಹೇಳಿದ್ದು."

ಅವಳು ಕುಳಿತುಕೊಂಡಳು. "ಏಪ್ರಿಲ್‌ನಲ್ಲಿ ನಮ್ಮ ಎಂಟು ಜನಾನೂ ನಿಲ್ಲಿಸ್ಕೊಂಡು ಏನಂದ್ರು ಗೊತ್ತಾ? ಹೋದ ವರ್ಷ ನಂಗೆ ಉಳಿದಿದ್ದು ಎರಡು ಸಾವಿರಾನೂ ಇಲ್ಲ, ಅರ್ಧ ಕೂಲಿ ತಗೊಳ್ಳಿ, ಇನ್ನರ್ಧ ಕಾಲ ಸುಧಾರಿಸಿದ ಮೇಲೆ ಅಂದ್ರು. ಪಾಪ ಅಂತ ಒಪ್ಕೊಂಡ್ವಿ. ನಾನು ಅವರ ಹೆಂಡ್ತಿಗೆ ಒಂದು ಡಜನ್ ಮೊಟ್ಟೆ ಬೇರೆ ಕೊಟ್ಟು ಬಂದೆ."

ಅವಳಿಗೆ ಬರಬೇಕಾಗಿದ್ದುದು ಮೂವತ್ತೈದು ಡಾಲರ್. ಅವಳ ಮಗ ಜೋಯೆಲ್ ನ್ಯಾಶ್‌ವಿಲ್‌ನ ಸೇನಾ ಆಸ್ಪತ್ರೆಯಲ್ಲಿದ್ದ, ಎಡಗಾಲು ಹೋಗಿತ್ತು. ಆಗಸ್ಟ್ ಕೊನೆಗೆ ಆಸ್ಪತ್ರೆ ಮುಚ್ಚುವುದರಿಂದ ಯಾರಾದರೂ ಬಂದು ಕರೆದೊಯ್ಯಬೇಕೆಂದು ತಿಳಿಸಿದ್ದರು. ಹೋಗಿ ಬರುವ ಖರ್ಚಿಗೆ ಆ ಕೂಲಿಯ ಹೊರತು ಅವಳಿಗೆ ಬೇರೆ ಗತಿಯಿರಲಿಲ್ಲ.

"ನ್ಯಾಯಾಧೀಶರ ಮುಂದೆ ಹೋಗ್ತೀನಿ. ನೀವು ಬಂದು ಹೇಳ್ತೀರಾ?"

"ಕರೆಸಿದರೆ ಬರ್ತೀನಮ್ಮ."

ವಿಚಾರಣೆಯ ಹಿಂದಿನ ದಿನ ಪ್ರಿಂಡಲ್ ಬಂದ. ಬಾಗಿಲು ಮುಂದೆ ಮಾಡಿದ.

"ನೀವು ಊರಿನ ಹಿರೀಕರು, ನಿಮ್ಮ ಹತ್ರ ಮುಚ್ಚುಮರೆ ಯಾಕೆ? ನನ್ನ ವರಮಾನ ಹತ್ತೊಂಬತ್ತು ನೂರು. ಸಿನ್ಸಿನಾಟಿ ಸಾಹುಕಾರರು ಸಾಲ ಕೊಡೋ ಮುಂಚೆ ಈ ಪಟ್ಟಿ ನೋಡ್ತಾರೆ. ಚಿಲ್ಲರೆ ಮನುಷ್ಯ ಅಂತ ಕಂಡ್ರೆ ಯಾವನು ಕೊಡ್ತಾನೆ? ನಾಳೆ ನೀವು ನೆನಪಿಲ್ಲ ಅಂದ್ಬಿಡಿ ಸಾಕು."

"ಸುಳ್ಳು ಪ್ರಮಾಣ ಮಾಡಿದಿರಿ."

"ಸರ್ಕಾರಕ್ಕೆ ಜಾಸ್ತಿ ಕೊಟ್ಟೆ ಸ್ವಾಮಿ, ಕದೀಲಿಲ್ಲ. ಕಡಿಮೆ ಹೇಳಿದೋನು ಕಳ್ಳ, ಒಪ್ತೀನಿ. ಜಾಸ್ತಿ ಹೇಳಿದೋನು ದೇಶಭಕ್ತ ಅಲ್ವಾ?"

ಹತ್ತೊಂಬತ್ತು ನೂರಕ್ಕೆ ತೆರಿಗೆ ಅರವತ್ತೈದು. ಶ್ರೀಮಂತನಂತೆ ಕಾಣಲು ಈ ಮನುಷ್ಯ ಏಳುನೂರ ತೊಂಬತ್ತೈದು ಡಾಲರ್ ಎಸೆದಿದ್ದ. ಕಾಲಿಲ್ಲದ ಹುಡುಗನ ತಾಯಿಗೆ ಮೂವತ್ತೈದು ಕೊಡಲು ಅವನಲ್ಲಿ ಇರಲಿಲ್ಲ. ದೇಶಭಕ್ತಿಗೆ ಇಂಥ ಅರ್ಥ ಬಂದದ್ದನ್ನು ನಾನು ಅರುವತ್ತು ವರ್ಷದಲ್ಲಿ ಕೇಳಿರಲಿಲ್ಲ. ಬಾಗಿಲು ತೆರೆದು ನಿಂತೆ. ಅವನು ಹೋದ.

ಮರುದಿನ ನ್ಯಾಯಾಧೀಶ ಬಾರ್ನಬಸ್ ಕಾಬ್ ನನ್ನ ಸಾಕ್ಷ್ಯ ಕೇಳಿ, ಕನ್ನಡಕ ಒರೆಸಿಕೊಂಡರು. ಪತ್ರಿಕೆಯ ಸಂಪಾದಕ ಮೊದಲ ಸಾಲಿನಲ್ಲಿ ಸೀಸದ ಕಡ್ಡಿ ಚೂಪು ಮಾಡುತ್ತಿದ್ದ.

"ನೋಡಿ ಪ್ರಿಂಡಲ್," ಎಂದರು ಕಾಬ್, "ಹೆಂಗಸರಿಗೆ ಹೇಳಿದ್ದು ನಿಜವಾದ್ರೆ ಪ್ರಮಾಣ ಸುಳ್ಳು. ಪ್ರಮಾಣ ನಿಜವಾದ್ರೆ ಹೆಂಗಸರಿಗೆ ಮೋಸ ಮಾಡಿ ಒಪ್ಪಿಸ್ಕೊಂಡಿದೀರಿ. ಆ ಒಪ್ಪಂದ ನಿಲ್ಲಲ್ಲ, ಕೂಲಿ ಕೊಡ್ಬೇಕು. ಯಾವುದಪ್ಪ ನಿಜ?"

ಪ್ರಿಂಡಲ್ ಸಂಪಾದಕನ ಕಡೆ ನೋಡಿದ.

"ಪ್ರಮಾಣ ಮಾಡಿದ್ದೇ ನಿಜ."

ಹಣ ಎಣಿಸಿ ಮೇಜಿನ ಮೇಲಿಟ್ಟ. "ತಗೋಮ್ಮ, ಮಗನ್ನ ಕರ್ಕೊಂಡು ಬಾ. ಬಂದ್ಮೇಲೆ ಮಗ್ಗ ಇರುತ್ತೆ ಅಂತ ಮಾತ್ರ ಅಂದ್ಕೋಬೇಡ."

"ಮಗ್ಗ ನಿಮ್ಮದು ಯಜಮಾನ್ರೇ, ಕೈ ನಂದು," ಎಂದು ಥರ್ಜಾ ಹಣವನ್ನು ಮತ್ತೊಮ್ಮೆ ಎಣಿಸಿಕೊಂಡಳು. ಅದೇ ವಾರ ದಕ್ಷಿಣಕ್ಕೆ, ನ್ಯಾಶ್‌ವಿಲ್ ಕಡೆಗೆ ಹೋಗುವ ದೋಣಿ ಹತ್ತಿದಳು. ಆಗಸ್ಟ್ ಮುಗಿಯುವ ಮೊದಲೇ ಮಗ ಮನೆಯಲ್ಲಿದ್ದ.

ಉಳಿದ ಏಳು ಹೆಂಗಸರು ಧೈರ್ಯ ತಂದುಕೊಂಡು ದಾವೆ ಹೂಡಿದರು. ವಿಚಾರಣೆ ಸೆಪ್ಟೆಂಬರಿಗೆ ಬಿತ್ತು. ಅಷ್ಟರಲ್ಲಿ, ಪಟ್ಟಿಯನ್ನು ನಂಬಿ ಪ್ರಿಂಡಲ್‌ಗೆ ಸಾಲ ಕೊಟ್ಟಿದ್ದ ಸಿನ್ಸಿನಾಟಿಯ ಸಾಹುಕಾರನಿಗೆ ಕಂತು ಬರಲಿಲ್ಲ. ಅಡವಿನ ಗಿರಣಿಯನ್ನು ಅವನು ಮಗ್ಗ, ಉಣ್ಣೆ ಸಮೇತ ಹರಾಜಿಗೆ ಹಾಕಿಸಿದ. ಕಾನೂನಿನಂತೆ ಮೊದಲ ಪಾಲು ಅವನದು. ಎರಡನೆಯ ಪಾಲೆಂಬುದು ಉಳಿಯಲಿಲ್ಲ.

ಆಗ ಪ್ರಿಂಡಲ್ ಮತ್ತೆ ಬಂದ. ಹೆಚ್ಚಾಗಿ ಕಟ್ಟಿದ ತೆರಿಗೆಯನ್ನು ಹಿಂದಕ್ಕೆ ಕೇಳುವ ಅರ್ಜಿ ತಂದಿದ್ದ.

"ಬಂದರೆ ನೇಕಾರರಿಗೆ ಕೊಡ್ತೀರಾ?" ಎಂದೆ.

"ನನ್ನ ಹೊಟ್ಟೆಗೇ ಇಲ್ಲ ಸ್ವಾಮಿ, ಅವರದ್ದೇನು ಹೇಳ್ತೀರಿ."

ಅರ್ಜಿಯ ಕೆಳಗೆ ನಡೆದುದಷ್ಟನ್ನೂ ಬರೆದೆ. ಈ ಹಣ ನೇಕಾರರ ಕೂಲಿಯಿಂದ ಬಂದದ್ದು, ಮೊದಲು ಅವರಿಗೆ ಸಲ್ಲಬೇಕು ಎಂದೂ ಬರೆದೆ. ಚಳಿಗಾಲದಲ್ಲಿ ಮೇಲಿನವರ ಉತ್ತರ ಬಂತು. ಪ್ರಮಾಣ ಮಾಡಿ ಕಟ್ಟಿದ್ದನ್ನು ಹಿಂದಿರುಗಿಸಲಾಗದು. ನೇಕಾರರ ವಿಚಾರಕ್ಕೆ ಕಾನೂನಿನಲ್ಲಿ ಸ್ಥಳವಿಲ್ಲ. ಎರಡೇ ಸಾಲು.

ತೆರಿಗೆ ತಪ್ಪೆಂದು ನಾನು ಹೇಳುವುದಿಲ್ಲ. ಇಪ್ಪತ್ತು ವರ್ಷ ಲೆಕ್ಕದ ಮೇಷ್ಟರಾಗಿದ್ದವನಿಗೆ ಯುದ್ಧಕ್ಕೆ ದುಡ್ಡು ಎಲ್ಲಿಂದಲಾದರೂ ಬರಬೇಕೆಂಬುದು ಗೊತ್ತು. ಆದರೆ ಆ ಏಳು ಹೆಂಗಸರಲ್ಲಿ ಯಾರೊಬ್ಬರೂ ಆರುನೂರರ ಮಿತಿಯ ಅರ್ಧವನ್ನೂ ಕಂಡವರಲ್ಲ. ತೆರಿಗೆಯೇ ಇಲ್ಲದವರಿಂದ ವಸೂಲಾದ ಹಣ ಖಜಾನೆಯಲ್ಲಿ ಉಳಿಯಿತು. ಅವರಿಗೆ ಸಲ್ಲಬೇಕಾದ ಇನ್ನೂರ ಮೂವತ್ತೊಂದು ಡಾಲರ್ ಇಂದಿಗೂ ಬಾಕಿಯಿದೆ.